ತೊಟ್ಟಿಯಲ್ಲಿ ಕಾಫಿ ಹದಕ್ಕೆ ಬಂದುದನ್ನು ತಿಳಿಯುವ ಬಗೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಸಣ್ಣ ಬೆಳೆಗಾರರಿಂದ ಕಾಫಿ ಹಣ್ಣನ್ನು ಕೊಂಡು, ತಮ್ಮ ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿ, ಪಾರ್ಚ್‌ಮೆಂಟ್ ಮಾಡಿ ಮಾರುವ ವ್ಯಾಪಾರಿಗಳು ನಮ್ಮ ಸದಸ್ಯರಲ್ಲಿ ಹಲವರಿದ್ದಾರೆ. ಇವರ ಲೆಕ್ಕಪುಸ್ತಕಗಳಲ್ಲಿ ಹಣ್ಣಿನ ಖರೀದಿ, ಕೂಲಿ, ಸಾಗಣೆ, ಡೀಸೆಲ್ ಎಲ್ಲವೂ ಪೈಸೆಗೆ ಪೈಸೆ ದಾಖಲಾಗಿರುತ್ತವೆ. ಆದರೆ ಆ ಮಾಲಿನ ಬೆಲೆ ನಿರ್ಧಾರವಾಗುವ ಒಂದು ಘಟ್ಟ, ಅಂದರೆ ಸಿಪ್ಪೆ ಬಿಡಿಸಿದ ಬೀಜವು ಸಿಮೆಂಟ್ ತೊಟ್ಟಿಯಲ್ಲಿ ಹುದುಗುತ್ತ ಕಳೆಯುವ ಒಂದೆರಡು ರಾತ್ರಿಗಳು, ಯಾವ ಪುಸ್ತಕದಲ್ಲಿಯೂ ಸರಿಯಾಗಿ ದಾಖಲಾಗುವುದಿಲ್ಲ. ಲೆಕ್ಕಪರಿಶೋಧಕನಿಗೆ ತೊಟ್ಟಿಯ ಬಳಿ ಏನು ಕೆಲಸವೆಂದು ಓದುಗರು ಕೇಳಬಹುದು. ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಒಂದು ರಿಜಿಸ್ಟರ್.

ಕೆಲವು ವರ್ಷಗಳ ಹಿಂದೆ ನಾರ್ವೆ ಕಡೆಯ ಹಣ್ಣು ವ್ಯಾಪಾರಿಯೊಬ್ಬರ ಲೆಕ್ಕ ನೋಡುತ್ತಿದ್ದೆ. ಆ ಸಾಲಿನ ಪಾರ್ಚ್‌ಮೆಂಟಿನಲ್ಲಿ ಒಂದು ದೊಡ್ಡ ಭಾಗ ಪೇಟೆ ಧಾರಣೆಗಿಂತ ಬಹಳ ಕಡಿಮೆಗೆ ಹೋಗಿತ್ತು. ಕೊಳ್ಳುವವರು ಮಾದರಿಯನ್ನು ಹುರಿದು ಕುಡಿದು ನೋಡಿ, ಕಪ್ಪಿನಲ್ಲಿ ಕೊಳೆತ ವಾಸನೆ ಇದೆಯೆಂದು ದರ ಇಳಿಸಿದ್ದರು. ಕಾರಣ ಹುಡುಕಲು ಪಲ್ಪಿಂಗ್ ರಿಜಿಸ್ಟರ್ ತರಿಸಿದೆ. ಡಿಸೆಂಬರ್ ಮೊದಲ ವಾರದಿಂದ ಜನವರಿ ಕೊನೆಯವರೆಗೆ, ತೊಟ್ಟಿಯಲ್ಲಿ ಇಟ್ಟ ಅವಧಿ ಎಂಬ ಕಲಮಿನಲ್ಲಿ ಪ್ರತಿ ಸಾಲಿನಲ್ಲಿಯೂ 36 ಗಂಟೆ ಎಂದೇ ಇತ್ತು. ರೈಟರನ್ನು ಕರೆದು ವಿಚಾರಿಸಿದೆ. "ಸಾಹುಕಾರರು ಮೂವತ್ತಾರು ಗಂಟೆ ಅಂತ ಹೇಳಿದಾರೆ ಸಾರ್, ಹಾಗೇ ಬರೀತೀನಿ" ಎಂದರು. ಅವರು ಸುಳ್ಳು ಬರೆದಿರಲಿಲ್ಲ. ನಿಜವಾಗಿಯೂ ಗಡಿಯಾರ ನೋಡಿ ಮೂವತ್ತಾರನೆಯ ಗಂಟೆಗೆ ತೊಟ್ಟಿ ತೊಳೆಸುತ್ತಿದ್ದರು. ದೋಷವಿದ್ದುದೇ ಅಲ್ಲಿ.

ಪ್ರಕೃತಿಯ ಕೆಲಸವೊಂದು ಎರಡು ತಿಂಗಳ ಕಾಲ ಒಂದೇ ಅವಧಿಯಲ್ಲಿ ಮುಗಿಯಿತೆಂದು ಪುಸ್ತಕ ಹೇಳಿದರೆ, ಯಾರೂ ತೊಟ್ಟಿಗೆ ಕೈ ಹಾಕಿ ನೋಡಿಲ್ಲವೆಂದೇ ಅರ್ಥ. ದೋಸೆ ಹಿಟ್ಟಿನ ಉದಾಹರಣೆ ಸಾಕು. ಏಪ್ರಿಲಿನಲ್ಲಿ ರಾತ್ರಿ ಕಳೆಯುವುದರೊಳಗೆ ಪಾತ್ರೆಯಿಂದ ಉಕ್ಕುವ ಹಿಟ್ಟು, ಡಿಸೆಂಬರಿನ ಚಳಿಯಲ್ಲಿ ಬೆಳಿಗ್ಗೆಯೂ ಸಪ್ಪೆಯಾಗಿಯೇ ಇರುತ್ತದೆ. ಮನೆಯ ಹೆಂಗಸರು ಗಡಿಯಾರ ನೋಡಿ ಕಾವಲಿ ಒಲೆಗೇರಿಸುವುದಿಲ್ಲ, ಹಿಟ್ಟನ್ನು ನೋಡಿ ಏರಿಸುತ್ತಾರೆ.

ತೊಟ್ಟಿಯಲ್ಲಿ ನಡೆಯುವುದೇನು?

ಕಾಫಿ ಹಣ್ಣಿನ ಸಿಪ್ಪೆಯನ್ನು ಪಲ್ಪರ್ ಬಿಡಿಸಿದ ಮೇಲೆಯೂ ಬೀಜದ ಹೊರಗವಚಕ್ಕೆ ಲೋಳೆಯೊಂದು ಅಂಟಿಕೊಂಡಿರುತ್ತದೆ. ಇದರಲ್ಲಿ ಬಹುಪಾಲು ನೀರು, ಉಳಿದುದು ಪೆಕ್ಟಿನ್ ಮತ್ತು ಸಕ್ಕರೆಗಳು. ಕೇವಲ ನೀರಿನಲ್ಲಿ ತೊಳೆದರೆ ಇದು ಹೋಗದು. ತೊಟ್ಟಿಯಲ್ಲಿ ರಾಶಿ ಹಾಕಿದಾಗ ಹಣ್ಣಿನಲ್ಲಿಯೇ ಇರುವ ಕಿಣ್ವಗಳೂ, ಗಾಳಿ ನೀರುಗಳಿಂದ ಸೇರಿದ ಯೀಸ್ಟ್ ಹಾಗೂ ಬ್ಯಾಕ್ಟೀರಿಯಾಗಳೂ ಪೆಕ್ಟಿನ್ನನ್ನು ಒಡೆದು ಲೋಳೆಯನ್ನು ನೀರಾಗಿಸುತ್ತವೆ. ಸಕ್ಕರೆ ಆಮ್ಲವಾಗುತ್ತದೆ, ರಾಶಿ ಹುಳಿಯಾಗುತ್ತದೆ. ಹದವಾದ ಉಷ್ಣತೆಯಲ್ಲಿ ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ, ಲೋಳೆ ಹೆಚ್ಚಿರುವ ರೊಬಸ್ಟಾಕ್ಕೆ ಸುಮಾರು 72 ಗಂಟೆ ಬೇಕಾಗುತ್ತದೆ. ನಮ್ಮ ರೈಟರ ಮೂವತ್ತಾರು ಗಂಟೆ ಹುಟ್ಟಿದ್ದು ಇಲ್ಲಿಂದಲೇ. ಅದು ಅಂದಾಜಿನ ಮಿತಿ, ಆಜ್ಞೆಯಲ್ಲ.

ಕಾಫಿ ಸಂಶೋಧನೆಗೆ ನಮ್ಮ ಸೀಮೆಯೇ ತವರೆಂಬುದನ್ನು ಇಲ್ಲಿ ನೆನೆಯಬಹುದು. 1915ರಲ್ಲಿ ಎಲೆರೋಗದ ಹಾವಳಿಯನ್ನು ತಡೆಯುವ ಸಲುವಾಗಿ ಕೊಪ್ಪದಲ್ಲಿ ತಾತ್ಕಾಲಿಕ ಪ್ರಯೋಗ ಕೇಂದ್ರವೊಂದು ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಆಗ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಡಾ. ಕೋಲ್ಮನ್ ಅವರ ಹೆಸರು ಅದರೊಡನೆ ಸೇರಿಕೊಂಡಿದೆ. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದರ ಮುಂದುವರಿಕೆ. ನಾರ್ವೆಯ ತೊಟ್ಟಿಯ ಪ್ರಶ್ನೆಗೆ ಉತ್ತರ ಕೇಳಲು ದೂರ ಹೋಗಬೇಕಾಗಿಲ್ಲ.

ಬಿಯರ್ ಮತ್ತು ಕಾಫಿ: ಒಂದು ಮುಖ್ಯ ವ್ಯತ್ಯಾಸ

ಹುದುಗುವಿಕೆ ಮುಗಿಯಿತೆಂದು ತಿಳಿಯುವ ವಿದ್ಯೆಯನ್ನು ಅತಿ ನಿಖರವಾಗಿ ರೂಢಿಸಿಕೊಂಡವರು ಬಿಯರ್ ತಯಾರಕರು. (ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಯಾರೂ ಈ ಲೇಖನವನ್ನು ಪ್ರೋತ್ಸಾಹವೆಂದು ತಿಳಿಯಬಾರದು.) ಅವರು ಹೈಡ್ರೋಮೀಟರ್ ಎಂಬ ಗಾಜಿನ ತೇಲುಗೊಳವೆಯಿಂದ ದ್ರವದ ಸಾಂದ್ರತೆ ಅಳೆಯುತ್ತಾರೆ. ಸಕ್ಕರೆ ಇರುವಾಗ ಅಂಕಿ ಮೇಲಿರುತ್ತದೆ, ಯೀಸ್ಟ್ ಅದನ್ನು ಮದ್ಯಸಾರವಾಗಿಸಿದಂತೆ ಇಳಿಯುತ್ತದೆ. 1.050ರಲ್ಲಿ ಆರಂಭವಾದದ್ದು 1.010ರ ಆಸುಪಾಸಿಗೆ ಬಂದು, ಎರಡು ಮೂರು ದಿನ ಅದೇ ಅಂಕಿ ತೋರಿಸಿದರೆ ಕೆಲಸ ಮುಗಿಯಿತು. ಗುಳ್ಳೆ ನಿಂತಿತೆಂಬುದನ್ನು ಅವರು ಪುರಾವೆಯಾಗಿ ಒಪ್ಪುವುದಿಲ್ಲ. ಮುಚ್ಚಳ ಸೋರಿದರೂ, ಚಳಿ ಹೆಚ್ಚಾದರೂ ಗುಳ್ಳೆ ನಿಲ್ಲುತ್ತದೆ. ಅದನ್ನು ನಂಬಿ ಅವಸರದಲ್ಲಿ ಬಾಟಲಿಗೆ ತುಂಬಿದರೆ ಒಳಗೆ ಅನಿಲ ಹೆಚ್ಚಿ ಬಾಟಲಿಗಳೇ ಸಿಡಿಯುತ್ತವೆ.

ನಾವು ಕಲಿಯಬೇಕಾದುದು ಹೊರಲಕ್ಷಣವನ್ನು ನಂಬದೆ ವಸ್ತುವನ್ನೇ ಪರೀಕ್ಷಿಸುವ ಅವರ ಕ್ರಮವನ್ನು. ಆದರೆ ಒಂದು ಅಂಶದಲ್ಲಿ ಕಾಫಿ ಬೇರೆ. ಬಿಯರಿನಲ್ಲಿ ಸಕ್ಕರೆ ಮುಗಿದೊಡನೆ ಯೀಸ್ಟ್ ತಾನಾಗಿ ಸುಮ್ಮನಾಗುತ್ತದೆ. ಎರಡು ದಿನ ಹೆಚ್ಚು ಕಾದರೆ ದೊಡ್ಡ ಹಾನಿಯಿಲ್ಲ. ಕಾಫಿಯಲ್ಲಿ ಲೋಳೆ ಕರಗಿತೆಂದು ತೊಟ್ಟಿ ಸುಮ್ಮನಾಗುವುದಿಲ್ಲ. ಕರಗಿದ ಲೋಳೆಯಲ್ಲಿ ಆಮ್ಲ ಬೆಳೆಯುತ್ತಲೇ ಹೋಗಿ, ವಿನೆಗರಿನ ವಾಸನೆ ಬಂದು, ಆಮೇಲೆ ಬೀಜದೊಳಗೇ ಕೊಳೆತ ಶುರುವಾಗುತ್ತದೆ. ಅಂಥ ಬೀಜಕ್ಕೆ ವ್ಯಾಪಾರದಲ್ಲಿ ಸ್ಟಿಂಕರ್ ಎಂದು ಹೆಸರು. ಹೊರನೋಟಕ್ಕೆ ಅದು ಉಳಿದವುಗಳಂತೆಯೇ ಕಾಣಬಹುದು. ಕತ್ತರಿಸಿದರೆ ಅಥವಾ ಹುರಿದರೆ ಮಾತ್ರ ನಾರುತ್ತದೆ. ಕೆಲವೇ ಬೀಜಗಳು ಇಡೀ ಕಪ್ಪನ್ನು ಕೆಡಿಸಬಲ್ಲವು. ಹೀಗಾಗಿ ಬಿಯರಿನವರಿಗೆ ಭಯ ಮುಂಚಿತವಾಗಿ ತೆಗೆಯುವುದರಲ್ಲಿ, ನಮಗೆ ಮುಂಚಿತ ಮತ್ತು ತಡ ಎರಡರಲ್ಲಿಯೂ. ಮುಂಚಿತವಾಗಿ ತೊಳೆದರೆ ಉಳಿದ ಲೋಳೆ ಕಣದ ಮೇಲೆ ಮತ್ತೆ ಹುಳಿಯುತ್ತದೆ, ಪಾರ್ಚ್‌ಮೆಂಟಿನ ಬಣ್ಣ ಕಂದುತ್ತದೆ, ಒಣಗುವುದು ತಡವಾಗಿ ಬೂಷ್ಟಿಗೆ ಅವಕಾಶವಾಗುತ್ತದೆ.

ಪರೀಕ್ಷೆಗಳು

ಮೊದಲನೆಯದು ಕೈಪರೀಕ್ಷೆ. ತೊಟ್ಟಿಯಿಂದ ಒಂದು ಹಿಡಿ ಬೀಜ ತೆಗೆದು, ಶುದ್ಧ ನೀರಿನಲ್ಲಿ ತೊಳೆದು, ಮುಷ್ಟಿಯಲ್ಲಿ ಬಿಗಿಯಾಗಿ ಉಜ್ಜಬೇಕು. ಬೀಜ ಬೆರಳ ಸಂದಿಯಿಂದ ಜಾರುತ್ತಿದ್ದರೆ ಇನ್ನೂ ಕಾಯಬೇಕು. ಕೈಗೆ ಅಂಟದೆ, ಹೊಳೆಯ ದಪ್ಪ ಮರಳಿನಂತೆ ಒರಟಾಗಿ, ಕರಕರ ಸದ್ದು ಮಾಡಿದರೆ ಹದ ಬಂದಿದೆ. ಇಷ್ಟನ್ನು ಹಳಬರೆಲ್ಲರೂ ಬಲ್ಲರು. ಹಿಡಿಯನ್ನು ಎಲ್ಲಿಂದ ತೆಗೆದರೆಂಬುದರಲ್ಲಿ ಮಾತ್ರ ತಪ್ಪುತ್ತಾರೆ. ಕೈಗೆ ಸುಲಭವಾಗಿ ಸಿಗುವುದು ಮೇಲ್ಪದರ. ರಾಶಿಯ ಒಳಗೆ ಬಿಸಿ ಹೆಚ್ಚು, ಮೇಲೆ ಮತ್ತು ಗೋಡೆಯ ಬದಿಯಲ್ಲಿ ತಂಪು. ಒಳಗಿನದು ಹದ ದಾಟುತ್ತಿರುವಾಗ ಮೇಲಿನದು ಜಾರುತ್ತಲೇ ಇರಬಹುದು. ಆದುದರಿಂದ ನಡು, ತಳ, ಎರಡು ಮೂಲೆ ಹೀಗೆ ನಾಲ್ಕು ಕಡೆಯಾದರೂ ತೆಗೆದು ನೋಡಬೇಕು. ನಡುನಡುವೆ ಮರದ ಹುಟ್ಟಿನಿಂದ ರಾಶಿಯನ್ನು ಮಗುಚಿದ್ದರೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ಬೀಜದ ಚಪ್ಪಟೆ ಬದಿಯ ಸೀಳನ್ನು ಉಗುರಿನಿಂದ ಮುಟ್ಟಿ ನೋಡುವುದನ್ನು ಮರೆಯಬಾರದು. ಲೋಳೆ ಕೊನೆಗೆ ಬಿಡುವುದು ಅಲ್ಲಿಂದಲೇ.

ಎರಡನೆಯದು ಕೋಲಿನ ಪರೀಕ್ಷೆ. ಒಂದು ಕೋಲನ್ನು ರಾಶಿಗೆ ನೆಟ್ಟಗೆ ಚುಚ್ಚಿ ಹೊರತೆಗೆಯಬೇಕು. ಲೋಳೆ ಇದ್ದರೆ ಬೀಜಗಳು ಜಾರಿ ತೂತು ಮುಚ್ಚಿಕೊಳ್ಳುತ್ತದೆ. ಲೋಳೆ ಕರಗಿದ್ದರೆ ಬೀಜಗಳು ಒಂದಕ್ಕೊಂದು ತಡೆಯಾಗಿ ನಿಂತು ತೂತು ಹಾಗೆಯೇ ಉಳಿಯುತ್ತದೆ. ಕೈಪರೀಕ್ಷೆಗೆ ಇದು ಸಾಕ್ಷಿ, ಬದಲಿಯಲ್ಲ.

ಮೂರನೆಯದು ಪಿಹೆಚ್ ಕಾಗದ. ಆರಂಭದಲ್ಲಿ 5.5ರ ಮೇಲಿರುವ ಅಂಕಿ ಹುಳಿ ಹೆಚ್ಚಿದಂತೆ ಇಳಿದು, ಹದದ ವೇಳೆಗೆ ಸಾಮಾನ್ಯವಾಗಿ 4.5ರ ಆಸುಪಾಸಿಗೆ ಬರುತ್ತದೆ. ಕಾಗದ ಒಂದನ್ನೇ ನಂಬಿ ತೊಳೆಯುವುದು ಬೇಡ. ಅಂಕಿ 5ಕ್ಕೆ ಬಂದಾಗ ಇನ್ನು ಗಂಟೆಗೊಮ್ಮೆ ನೋಡಬೇಕೆಂದೂ, 4ಕ್ಕೆ ಇಳಿಯುತ್ತಿದ್ದರೆ ತಡವಾಯಿತೆಂದೂ ಎಚ್ಚರಿಸುವುದು ಅದರ ಉಪಯೋಗ. ಅಕೌಂಟೆಂಟನಾಗಿ ನನಗೆ ಇದು ಹಿಡಿಸಲು ಬೇರೊಂದು ಕಾರಣವಿದೆ. ಕೈಯ ಅನುಭವವನ್ನು ಪುಸ್ತಕದಲ್ಲಿ ಬರೆಯಲಾಗದು, ಅಂಕಿಯನ್ನು ಬರೆಯಬಹುದು.

ಕೊಲಂಬಿಯಾ ದೇಶದ ಕಾಫಿ ಸಂಶೋಧನಾ ಕೇಂದ್ರವಾದ ಸೆನಿಕಾಫೆಯವರು ಇದಕ್ಕೆಂದೇ ಫರ್ಮಾಯೆಸ್ಟ್ರೋ ಎಂಬ ಸರಳ ಸಾಧನವನ್ನು ರೂಪಿಸಿದ್ದಾರೆ. ಅದು ಮೈಯೆಲ್ಲ ತೂತುಗಳಿರುವ, ಶಂಕುವಿನಾಕಾರದ ಪ್ಲಾಸ್ಟಿಕ್ ಪಾತ್ರೆ. ಹೊಸದಾಗಿ ಪಲ್ಪ್ ಮಾಡಿದ ಬೀಜವನ್ನು ತುಂಬಿ ತೊಟ್ಟಿಯ ರಾಶಿಯೊಳಗೆ ಹುದುಗಿಸಿಡುತ್ತಾರೆ. ಲೋಳೆ ಕರಗಿ ತೂತುಗಳಿಂದ ಸೋರಿದಂತೆ ಬೀಜದ ಮಟ್ಟ ಕುಸಿಯುತ್ತದೆ. ಮಟ್ಟ ಎಷ್ಟು ಇಳಿಯಿತೆಂದು ನೋಡಿ ತೊಳೆಯುವ ಹೊತ್ತನ್ನು ನಿರ್ಧರಿಸುತ್ತಾರೆ. ಬಿಯರಿನವರ ಹೈಡ್ರೋಮೀಟರಿಗೂ ಇದಕ್ಕೂ ತತ್ತ್ವ ಒಂದೇ: ಕಾಲವನ್ನು ಅಳೆಯದೆ, ಬದಲಾಗುತ್ತಿರುವ ವಸ್ತುವನ್ನು ಅಳೆಯುವುದು.

ತೊಟ್ಟಿಗೆ ಬರುವ ಮುಂಚಿನ ತಪ್ಪುಗಳು

ಎಷ್ಟೇ ಜಾಗರೂಕತೆಯಿಂದ ಪರೀಕ್ಷಿಸಿದರೂ, ತೊಟ್ಟಿಯಲ್ಲಿರುವುದು ಒಂದೇ ವಯಸ್ಸಿನ ಬೀಜವಲ್ಲದಿದ್ದರೆ ಹದವೆಂಬುದೇ ಇರುವುದಿಲ್ಲ. ಹಣ್ಣು ಕೊಳ್ಳುವ ವ್ಯಾಪಾರಿಗಳಿಗೆ ಈ ತೊಡಕು ತೋಟದವರಿಗಿಂತ ಹೆಚ್ಚು. ಸಂಜೆ ಜೀಪಿನಲ್ಲಿ ಬರುವ ಹಣ್ಣಿನಲ್ಲಿ ಒಂದು ಮನೆಯದು ಅಂದೇ ಕೊಯ್ದದ್ದು, ಇನ್ನೊಂದು ಮನೆಯದು ನಿನ್ನೆ ಕೊಯ್ದು ಚೀಲದಲ್ಲಿ ಕಟ್ಟಿಟ್ಟದ್ದು. ಚೀಲದಲ್ಲಿಯೇ ಬಿಸಿಯೇರಿ ಹುಳಿ ಆರಂಭವಾಗಿರುತ್ತದೆ. ಎರಡನ್ನೂ ಒಟ್ಟಿಗೆ ಪಲ್ಪ್ ಮಾಡಿದರೆ ಒಂದು ಹದಕ್ಕೆ ಬರುವಾಗ ಇನ್ನೊಂದು ಕೆಟ್ಟಿರುತ್ತದೆ. ಎಳೆಗಾಯಿಯಲ್ಲಿ ಲೋಳೆಯೇ ಸರಿಯಾಗಿ ಬೆಳೆದಿರುವುದಿಲ್ಲ, ಅದು ಪಲ್ಪರಿನಲ್ಲಿ ಸಿಪ್ಪೆಯನ್ನೂ ಬಿಡದು. ಕೊಯ್ದ ದಿನವೇ ಪಲ್ಪ್ ಆಗಬೇಕು, ಅದಾಗದ ಹಣ್ಣನ್ನು ಬೇರೆಯಾಗಿಟ್ಟು ಚೆರಿಯಾಗಿ ಒಣಗಿಸಬೇಕು. ಜಾಗವಿದೆಯೆಂದು ನಿನ್ನೆಯ ತೊಟ್ಟಿಗೆ ಇಂದಿನ ಬೀಜ ಸುರಿಯುವುದಂತೂ ಕೂಡದು.

ಪಲ್ಪರಿನ ಸಂದಿಯಲ್ಲಿ ಸಿಕ್ಕಿಕೊಂಡ ನಿನ್ನೆಯ ಬೀಜವೂ ಸ್ಟಿಂಕರುಗಳ ಒಂದು ಮೂಲ. ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿ ದಣಿದ ಆಳುಗಳು ಯಂತ್ರ ತೊಳೆಯುವುದನ್ನು ಬೆಳಿಗ್ಗೆಗೆ ಬಿಡುವುದು ಸಹಜ. ಬೆಳಿಗ್ಗೆ ಯಾರಿಗೂ ನೆನಪಿರುವುದಿಲ್ಲ.

ಹುದುಗಿಸದೆ ಲೋಳೆ ತೆಗೆಯುವ ದಾರಿಗಳೂ ಇವೆ. ಶೇಕಡಾ 10ರ ಕಾಸ್ಟಿಕ್ ಸೋಡಾ ದ್ರಾವಣವನ್ನು ಬೀಜದ ಮೇಲೆ ಸಮನಾಗಿ ಹಾಕಿ ಕಲಸಿದರೆ ಅರೇಬಿಕಾದ ಲೋಳೆ ಸುಮಾರು ಒಂದು ಗಂಟೆಯಲ್ಲಿ, ರೊಬಸ್ಟಾದ್ದು ಒಂದೂವರೆಯಿಂದ ಎರಡು ಗಂಟೆಯಲ್ಲಿ ಬಿಡುತ್ತದೆ. ಆಮೇಲೆ ಸೋಡಾದ ಅಂಶ ಉಳಿಯದಂತೆ ಹಲವು ನೀರಿನಲ್ಲಿ ತೊಳೆಯಬೇಕು, ಕೆಲಸಗಾರರಿಗೆ ಕೈಗವಸು ಕೊಡಲೇಬೇಕು. ಯಂತ್ರದಿಂದ ಉಜ್ಜಿ ತೊಳೆಯುವವರಿಗೆ ಬಂಡವಾಳ ಹೆಚ್ಚು, ರಾತ್ರಿ ಕಾವಲು ಇಲ್ಲ. ಇತ್ತೀಚೆಗೆ ಕೆಲವು ಕೊಳ್ಳುವವರು ಲೋಳೆಯನ್ನು ಉಳಿಸಿಯೇ ಒಣಗಿಸಿದ, ಅಥವಾ ಗಾಳಿಯಾಡದ ಡ್ರಮ್ಮಿನಲ್ಲಿ ದಿನಗಟ್ಟಲೆ ಹುದುಗಿಸಿದ ಕಾಫಿಯನ್ನು ವಿಶೇಷ ದರಕ್ಕೆ ಕೇಳುತ್ತಾರೆ. ಅಲ್ಲಿ ಹದ ಯಾವುದೆಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳದೆ ಕೈ ಹಾಕುವುದು ಜಾಣತನವಲ್ಲ.

ತೊಳೆದ ನಂತರ

ಹದ ಬಂದೊಡನೆ ಮೂರು ನಾಲ್ಕು ಶುದ್ಧ ನೀರಿನಲ್ಲಿ ತೊಳೆಯಬೇಕು. ಬಳಿಕ ಸುಮಾರು 24 ಗಂಟೆ ಶುದ್ಧ ನೀರಿನಲ್ಲಿ ಮುಳುಗಿಸಿಟ್ಟರೆ ಬೀಜದ ಬಣ್ಣವೂ ಕಪ್ಪಿನ ಗುಣವೂ ಸುಧಾರಿಸುತ್ತವೆ. ತೊಳೆದ ನೀರು ಹೊಳೆಗೆ ಹೋಗಬಾರದು. ಅದರಲ್ಲಿನ ಸಕ್ಕರೆ ಮತ್ತು ಆಮ್ಲ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತವೆ.

ಒಣಗಿಸುವಲ್ಲಿ ನಮ್ಮ ಹಿರಿಯರೂ ಕಾಫಿ ಮಂಡಳಿಯೂ ಹೇಳುವ ಕ್ರಮ ಬಿಯರಿನವರ ಕ್ರಮಕ್ಕೆ ತೀರ ಸಮೀಪವಾಗಿದೆ. ನಲವತ್ತು ಲೀಟರಿನ ಫೋರ್ಲಿಟ್ ಅಳತೆಯಲ್ಲಿ ಮಾದರಿಯನ್ನು ತೂಗಬೇಕು. ಎರಡು ದಿನ ಸತತವಾಗಿ ಒಂದೇ ತೂಕ ಬಂದರೆ ಒಣಗಿತೆಂದು ಲೆಕ್ಕ. ಆಗ ಪಾರ್ಚ್‌ಮೆಂಟಿನ ತೇವಾಂಶ ಶೇಕಡಾ 10ರ ಆಸುಪಾಸಿನಲ್ಲಿರುತ್ತದೆ. ಕಣದಲ್ಲಿ ಇಷ್ಟು ಶಿಸ್ತಿನಿಂದ ತೂಗುವವರೇ ತೊಟ್ಟಿಯಲ್ಲಿ ಗಡಿಯಾರ ನಂಬುವುದು ನನಗೆ ಇಂದಿಗೂ ಸೋಜಿಗ.

ಲೆಕ್ಕದ ಮಾತು

ಪೂಲಿಂಗ್ ಪದ್ಧತಿಯ ಕಾಲದಲ್ಲಿ ಎಲ್ಲರ ಕಾಫಿಯೂ ಮಂಡಳಿಯ ರಾಶಿಗೆ ಸೇರುತ್ತಿತ್ತು. 1996ರ ವೇಳೆಗೆ ಆ ಪದ್ಧತಿ ಪೂರ್ತಿಯಾಗಿ ಹೋಗಿ ಮಾರಾಟ ಮುಕ್ತವಾಯಿತು. ಅಂದಿನಿಂದ ತೊಟ್ಟಿಯ ತಪ್ಪು ನೇರವಾಗಿ ಆ ತೊಟ್ಟಿಯ ಒಡೆಯನ ಖಾತೆಗೆ ಖರ್ಚಾಗುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಆರು ಕಿಲೋ ಅರೇಬಿಕಾ ಹಣ್ಣಿಗೆ ಸ್ಥೂಲವಾಗಿ ಒಂದು ಕಿಲೋ ಶುದ್ಧ ಕಾಫಿ ಎಂದಿಟ್ಟುಕೊಂಡರೆ, 6,000 ಕಿಲೋ ಹಣ್ಣಿನ ತೊಟ್ಟಿಯೊಂದರಿಂದ 1,000 ಕಿಲೋ ಶುದ್ಧ ಕಾಫಿ, ಅಂದರೆ 50 ಕಿಲೋದ ಸುಮಾರು 25 ಚೀಲ ಪಾರ್ಚ್‌ಮೆಂಟ್ ಬರುತ್ತದೆ. ವಾಸನೆಯ ಕಾರಣ ಚೀಲಕ್ಕೆ 1,000 ರೂಪಾಯಿ ಕಡಿಮೆಯಾದರೆ ನಷ್ಟ 25,000 ರೂಪಾಯಿ. ಇದೇ 25 ಚೀಲವನ್ನು ಬೇರೆ ಮೂರು ಒಳ್ಳೆಯ ತೊಟ್ಟಿಗಳ ಮಾಲಿನೊಡನೆ ಗೋದಾಮಿನಲ್ಲಿ ಬೆರೆಸಿದರೆ ನೂರು ಚೀಲಕ್ಕೂ ಅದೇ ಕಡಿತ ಬೀಳುತ್ತದೆ, ನಷ್ಟ ಒಂದು ಲಕ್ಷವಾಗುತ್ತದೆ. ನಾರ್ವೆಯ ಆ ವ್ಯಾಪಾರಿಗೆ ಆದದ್ದು ಇದೇ. ಕೆಟ್ಟ ತೊಟ್ಟಿ ಒಂದೋ ಎರಡೋ ಇದ್ದಿರಬಹುದು. ಯಾವುದೆಂದು ಹುಡುಕುವ ದಾರಿಯೇ ಉಳಿದಿರಲಿಲ್ಲ.

ಹಣ್ಣು ಕೊಂಡು ಸಂಸ್ಕರಿಸುವವರು ವರ್ಷಾಂತ್ಯದ ದಾಸ್ತಾನಿನ ಬಗ್ಗೆ ವಿಶೇಷ ಗಮನ ಕೊಡಬೇಕು. ದಾಸ್ತಾನಿನ ಮೌಲ್ಯಮಾಪನದ ಲೆಕ್ಕಪತ್ರ ಮಾನದಂಡ 2ರಂತೆ ಅಸಲು ವೆಚ್ಚ ಮತ್ತು ನಿವ್ವಳ ವಸೂಲಾತಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕು. ಸಿಪ್ಪೆ, ಲೋಳೆ, ತೇವಾಂಶಗಳಿಂದ ತೂಕ ಇಳಿಯುವುದು ಸಾಮಾನ್ಯ ನಷ್ಟ, ಅದು ಮಾಲಿನ ವೆಚ್ಚದಲ್ಲಿಯೇ ಸೇರುತ್ತದೆ. ಹದ ಮೀರಿ ಕೆಟ್ಟದ್ದು ಅಸಾಮಾನ್ಯ ನಷ್ಟ. ಅದನ್ನು ಉಳಿದ ಒಳ್ಳೆಯ ಮಾಲಿನ ಮೇಲೆ ಹೇರದೆ ಆ ಸಾಲಿನ ಲಾಭ ನಷ್ಟ ಖಾತೆಗೆ ಖರ್ಚು ಹಾಕಬೇಕು. ಡಿಸೆಂಬರಿನ ತೊಟ್ಟಿಯ ದೋಷ ಮೇ ತಿಂಗಳ ಮಾರಾಟದಲ್ಲಿ ಬೆಳಕಿಗೆ ಬಂದರೆ, ಮಾರ್ಚ್ 31ರಂದು ಗೊತ್ತಿರಲಿಲ್ಲವೆಂಬ ಸಬೂಬು ನಡೆಯದು. ಆ ದಿನವೂ ದೋಷವಿದ್ದೇ ಇತ್ತು. ಲೆಕ್ಕ ಅಂತಿಮವಾಗಿಲ್ಲದಿದ್ದರೆ ದಾಸ್ತಾನಿನ ಮೌಲ್ಯವನ್ನು ಇಳಿಸಬೇಕಾಗುತ್ತದೆ. ಬ್ಯಾಂಕಿನಲ್ಲಿ ದಾಸ್ತಾನಿನ ಮೇಲೆ ಸಾಲ ಪಡೆದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ವಿಮೆ ಇದೆಯಲ್ಲ ಎನ್ನುವವರು ತಮ್ಮ ಪಾಲಿಸಿಯನ್ನೊಮ್ಮೆ ಓದಬೇಕು. ಅಗ್ನಿವಿಮೆಯ ಹಳೆಯ ಮಾದರಿ ಪಾಲಿಸಿಯಲ್ಲಿ ವಸ್ತುವಿನ ಸ್ವಂತ ಹುದುಗುವಿಕೆಯಿಂದಾದ ಹಾನಿಯನ್ನು ಸ್ಪಷ್ಟವಾಗಿ ಹೊರಗಿಟ್ಟಿದ್ದರು. ಬೆಂಕಿಯೇ ಇಲ್ಲದೆ ಕಪ್ಪಿನ ರುಚಿ ಕೆಟ್ಟ ನಷ್ಟಕ್ಕೆ ಅಗ್ನಿವಿಮೆ ಬಾರದು. ತೆರಿಗೆಯ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. 1942ರ ಕಾಫಿ ಅಧಿನಿಯಮ ಕ್ಯೂರಿಂಗ್ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಪಲ್ಪಿಂಗ್ ಸೇರಿಲ್ಲ. ಇದರ ಅನುಕೂಲ ತಾನೇ ಬೆಳೆದು ಪಲ್ಪ್ ಮಾಡುವ ಬೆಳೆಗಾರನಿಗೆ. ಹಣ್ಣು ಕೊಂಡು ಮಾಡುವವರ ಆದಾಯ ಪೂರ್ತಿ ವ್ಯಾಪಾರದ ಆದಾಯ, ಅದನ್ನು ಕೃಷಿ ಆದಾಯವೆಂದು ತೋರಿಸುವಂತಿಲ್ಲ.

ಆ ವ್ಯಾಪಾರಿ ಮರುವರ್ಷ ರಿಜಿಸ್ಟರಿನ ಕಲಮುಗಳನ್ನು ಬದಲಾಯಿಸಿದರು. ತೊಟ್ಟಿಗೆ ಹಾಕಿದ ಹೊತ್ತು, ಯಾರ ಯಾರ ಹಣ್ಣು, ರಾತ್ರಿಯ ಉಷ್ಣತೆ, ಪ್ರತಿ ಪರೀಕ್ಷೆಯ ವೇಳೆ ಮತ್ತು ಪಿಹೆಚ್ ಅಂಕಿ, ನಾಲ್ಕು ಕಡೆಯ ಕೈಪರೀಕ್ಷೆಯ ಫಲ, ತೊಳೆದ ಹೊತ್ತು, ಪರೀಕ್ಷಿಸಿದವರ ಸಹಿ. ಚೀಲದ ಮೇಲೆ ತೊಟ್ಟಿಯ ಸಂಖ್ಯೆ. ರಾತ್ರಿ ಎದ್ದು ನೋಡುವವರಿಗೆ ಪ್ರತ್ಯೇಕ ಭತ್ಯೆ ಗೊತ್ತುಮಾಡಿದರು; ಮೊದಲು ಅದನ್ನು ದಂಡದ ಖರ್ಚೆಂದು ಗೊಣಗಿದವರು ಅವರೇ. ನಾನು ಮುಂದಿನ ಬಾರಿ ಹೋದಾಗ ಪುಸ್ತಕದಲ್ಲಿ 29 ಗಂಟೆ, 41 ಗಂಟೆ, 33 ಗಂಟೆ ಎಂದು ಸಾಲುಗಳಿದ್ದವು. ಡಿಸೆಂಬರಿನ ಒಂದು ಚಳಿಯ ವಾರದಲ್ಲಿ 44 ಎಂದೂ ಇತ್ತು, ಅದರ ಮುಂದೆ ರೈಟರು ಮರುಪರೀಕ್ಷೆಯ ವೇಳೆಯನ್ನು ಬರೆದು ಎರಡು ಸಲ ಸಹಿ ಮಾಡಿದ್ದರು.